ರೇಸಿಗೆ ಹೊರಟ ಕಿವಿ

18 ಜೂನ್ 2007, ಸೋಮವಾರ

ಇವತ್ತು ಊಟಕ್ಕೆ ಕೂತಾಗ ನಿಖಿತಾ ಸುದ್ದಿ ಹೇಳಿದಳು. ಆಗಸ್ಟ್ ಐದರ ಭಾನುವಾರ ಶ್ರೀಪೆರಂಬದೂರಿನ ಆಚೆಯ ಟ್ರ್ಯಾಕಿನಲ್ಲಿ ಅವಳ ಮೊದಲ ರೇಸು. ಒಂಟಿ ಸೀಟಿನ ಕಾರು, ಓಡಿಸುವವರ ತಲೆ ಮಾತ್ರ ಹೊರಗೆ ಕಾಣುತ್ತದೆ. ಹನ್ನೊಂದು ಜನರಲ್ಲಿ ಹೆಣ್ಣು ಇವಳೊಬ್ಬಳೇ. ಕೆಂಗೇರಿಯ ಕಾಲೇಜಿನಲ್ಲಿ ಎಂಜಿನ್ ಪಾಠ ಹೇಳುವವಳು ಎರಡು ವರ್ಷದಿಂದ ರಜೆಯನ್ನೆಲ್ಲ ಇದಕ್ಕೇ ಸುರಿದಿದ್ದಾಳೆ. ಸಂತೋಷವಾಯಿತು. ಮುಂದಿನ ಮಾತಿಗೆ ಸಿಟ್ಟು ಬಂತು.

"ಅಮ್ಮ, ನೀನು ಮಾತ್ರ ಬರ್ಬೇಡ. ಅಲ್ಲಿ ಸದ್ದು ತಡ್ಕೊಳಕ್ಕಾಗಲ್ಲ. ನಿನ್ ಕಿವಿ ಕಥೆ ಗೊತ್ತಲ್ಲ."

ನನ್ನ ಕಿವಿಯ ಕಥೆ ನನಗೆ ಗೊತ್ತಿಲ್ಲದೆ ಏನು? 1984ರ ಮೇ ತಿಂಗಳು, ಟೆಲಿಫೋನ್ ಎಕ್ಸ್‌ಚೇಂಜಿನ ಟ್ರಂಕ್ ಬೋರ್ಡಿನಲ್ಲಿ ಕೂತಿದ್ದೆ. ಅರಸೀಕೆರೆ ಲೈನಿನ ಮೇಲೆ ಸಿಡಿಲು ಬಿದ್ದು ಹೆಡ್‌ಸೆಟ್ಟಿನೊಳಗೆ ಬಂದೂಕು ಹೊಡೆದಂತಾಯಿತು. "ಇನ್ನೊಂದು ಕಿವಿಗೆ ಹಾಕ್ಕೊಂಡು ಶಿಫ್ಟ್ ಮುಗ್ಸಿ" ಎಂದರು ಸೂಪರ್‌ವೈಸರ್. ಮುಗಿಸಿದೆ. ಅವರ ಹೆಸರು, ಅವರು ಅಂದು ಉಟ್ಟಿದ್ದ ಸೀರೆಯ ಬಣ್ಣ, ಆ ಸಂಜೆ ಬಸ್ಸಿನ ಕಂಡಕ್ಟರ್ ಬಾಯಿ ಆಡಿಸಿದ್ದು ಎಲ್ಲ ನೆನಪಿದೆ. ನನಗೆ ಮರೆವು ಎಂಬುದಿಲ್ಲ, ಅದೇ ತೊಂದರೆ.

ಎಡಗಿವಿ ಅಂದಿನಿಂದ ಅಲಂಕಾರಕ್ಕೆ. ಇವರಂತೂ ಕಾದ ಕಬ್ಬಿಣ ಬಡಿಯುವ ಫೋರ್ಜ್ ಷಾಪಿನಲ್ಲಿ ಮೂವತ್ತೈದು ವರ್ಷ ಹ್ಯಾಮರ್ ಪಕ್ಕ ನಿಂತು ಎರಡೂ ಕಳೆದುಕೊಂಡು ಬಂದವರು. ಹಾಗಾಗಿ ಈ ಮನೆಯಲ್ಲಿ ಇಬ್ಬರಿಗೆ ಸೇರಿ ಒಂದು ಕಿವಿ. ನನ್ನ ಬಲಗಿವಿ. ಕಾಲಿಂಗ್ ಬೆಲ್ಲು, ಕುಕ್ಕರು, ಫೋನು, ಗ್ಯಾಸಿನವನು, ಎಲ್ಲಕ್ಕೂ ಅದೇ.

ಆದರೂ ಹೋಗುತ್ತೇನೆ. ಮಗಳ ಮೊದಲ ರೇಸನ್ನು ಮರುದಿನದ ಪೇಪರಿನಲ್ಲಿ ಓದುವವಳು ನಾನಲ್ಲ.

ಇವರಿಗೆ ಕಾಫಿ ಎಂದು ಅಡುಗೆಮನೆಯಿಂದ ಐದು ಸಲ ಕೂಗಿದೆ. ವರಾಂಡದಲ್ಲಿ ಪೇಪರ್ ಹಿಡಿದು ಕಲ್ಲಿನ ಹಾಗೆ ಕೂತಿದ್ದರು. ಕೂಗಿ ಕೂಗಿ ಗಂಟಲು ಕಟ್ಟಿದೆ. ಕಾಫಿ ಆರಿತು.

21 ಜೂನ್, ಗುರುವಾರ

ಬಸವೇಶ್ವರನಗರದ ಕಿವಿ ಡಾಕ್ಟರ್ ಚನ್ನವೀರೇಶ್ ಹತ್ತಿರ ಹೋಗಿದ್ದೆ. ಡಬ್ಬದಂಥ ಕೋಣೆಯಲ್ಲಿ ಕೂರಿಸಿ ಕುಂಯ್ ಕುಂಯ್ ಕೇಳಿಸಿದರು. ನಾನು ಇಪ್ಪತ್ತೆಂಟು ವರ್ಷ ಕಿವಿಯಿಂದಲೇ ಸಂಬಳ ತೆಗೆದುಕೊಂಡವಳು. ಮೂವತ್ತು ಜನ ಆಪರೇಟರ್‌ಗಳ ನಡುವೆ ಯಾವ ಲೈನು ಕಟ್ಟಾಗುತ್ತದೆಂದು ಮೊದಲೇ ಹೇಳುತ್ತಿದ್ದೆ. ಪರೀಕ್ಷೆ ಮುಗಿಸಿ ಕಾಗದ ನೋಡಿದರೆ ಬಲಗಿವಿಯ ಗೆರೆಯೂ ಕೊನೆಯಲ್ಲಿ ಮೆಟ್ಟಿಲು ಇಳಿದಿದೆ.

"ರೇಸ್ ಟ್ರ್ಯಾಕಾ?" ಎಂದರು ಡಾಕ್ಟರ್. "ಬೇಲಿ ಹತ್ರ ನೂರಹತ್ತು ಡೆಸಿಬೆಲ್ ದಾಟುತ್ತೆ ಅಮ್ಮ. ಬರಿಗಿವೀಲಿ ನಿಂತ್ರೆ ನಿಮಿಷಗಳ ಲೆಕ್ಕ. ನಿಮಗೆ ಉಳಿದಿರೋದೇ ಒಂದು ಕಿವಿ."

"ಹತ್ತಿ ಇಟ್ಕೊಂಡ್ರೆ?"

"ಹತ್ತಿ ಚಳಿಗಾಳಿಗೆ. ಸದ್ದು ಅದರೊಳಗೆ ಆರಾಮಾಗಿ ನಡ್ಕೊಂಡು ಬರುತ್ತೆ."

"ಮತ್ತೆ ಏನಿದ್ರೆ ಹೋಗ್ಬಹುದು?"

"ಒಳಗೆ ಫೋಮಿನ ಪ್ಲಗ್ಗು, ಅದರ ಮೇಲೆ ಇಡೀ ಕಿವಿ ಮುಚ್ಚೋ ಮಫ್ಫು. ಎರಡೂ ಸರಿಯಾಗಿ ಕೂತಿದ್ರೆ ಹೋಗ್ಬಹುದು. ಆದ್ರೆ ಯಾರೂ ಸರಿಯಾಗಿ ಹಾಕ್ಕೊಳ್ಳಲ್ಲ."

ಆ ಕೊನೆಯ ಮಾತನ್ನು ನನಗೇ ಹಾಕಿದ ಸವಾಲು ಎಂದು ತಿಳಿದು ಎದ್ದು ಬಂದೆ.

ಮನೆಯಲ್ಲಿ ಹೇಳಿದರೆ ಇವರು ನನ್ನ ತುಟಿ ನೋಡಿ ತಿಳಿದುಕೊಂಡು ನಕ್ಕರು. "ನಾವೆಲ್ಲ ಬನಿಯನ್ ವೇಸ್ಟ್ ತುರುಕ್ಕೊಂಡು ಕೆಲಸ ಮಾಡ್ಲಿಲ್ವಾ?" ಬನಿಯನ್ ವೇಸ್ಟ್ ಎಂದರೆ ಮಷಿನ್ ಒರೆಸುವ ಚಿಂದಿ ನೂಲು. ಅದನ್ನು ಆಯಿಲಿನಲ್ಲಿ ಅದ್ದಿ ಕಿವಿಗೆ ತುಂಬಿಕೊಳ್ಳುತ್ತಿದ್ದರು. ಅದರ ಫಲಿತಾಂಶ ನಮ್ಮ ವರಾಂಡದಲ್ಲಿ ಕೂತಿದೆ.

23 ಜೂನ್, ಶನಿವಾರ

ರಾಜ್‌ಕುಮಾರ್ ರಸ್ತೆಯ ಇಂಟರ್‌ನೆಟ್ ಅಂಗಡಿಯಲ್ಲಿ ಇಪ್ಪತ್ತೆರಡು ಪುಟ ಪ್ರಿಂಟ್ ತೆಗೆಸಿ ಓದಿದೆ. ತಿಳಿದದ್ದು: ಪ್ಲಗ್ಗಿನ ಡಬ್ಬಿಯ ಮೇಲೆ ಮೂವತ್ತಮೂರು ಡೆಸಿಬೆಲ್ ಕಡಿಮೆ ಮಾಡುತ್ತದೆ ಎಂದು ಬರೆದಿದ್ದರೆ ಅರ್ಧ ನಂಬಬೇಕು. ಆ ಸಂಖ್ಯೆ ಪ್ರಯೋಗಾಲಯದ ಕಿವಿಗೆ, ನನ್ನ ಕಿವಿಗಲ್ಲ. ಎರಡನ್ನೂ ಒಟ್ಟಿಗೆ ಹಾಕಿದರೆ ಎರಡರಷ್ಟು ಕಡಿಮೆಯಾಗುವುದಿಲ್ಲ, ಬರೀ ಐದಾರು ಹೆಚ್ಚುತ್ತದೆ. ಕಾರಿಗೂ ನಮಗೂ ನಡುವಿನ ದೂರ ಎರಡು ಪಟ್ಟಾದರೆ ಇನ್ನೊಂದು ಆರು ಉಳಿತಾಯ. ಮಫ್ಫಿನ ಅಂಚಿಗೂ ಚರ್ಮಕ್ಕೂ ನಡುವೆ ಕಡ್ಡಿಯಷ್ಟು ಸಂದಿ ಇದ್ದರೂ ಅಷ್ಟೂ ಸದ್ದು ಅಲ್ಲಿಂದಲೇ ನುಗ್ಗುತ್ತದೆ.

ಇಷ್ಟು ತಿಳಿವಳಿಕೆ ಪುಕ್ಕಟೆ ಸಿಗುವಾಗ ಈ ಊರಿನ ಗಣೇಶನ ಪೆಂಡಾಲಿನವರಿಗೆ ಯಾರೂ ಯಾಕೆ ಓದಿಸುವುದಿಲ್ಲ? ಅದರ ಬಗ್ಗೆ ಸಂಪಾದಕರಿಗೆ ಬರೆದ ಪತ್ರಗಳು ಒಟ್ಟು ಹದಿನಾಲ್ಕು. ಅಚ್ಚಾದದ್ದು ಮೂರು.

30 ಜೂನ್, ಶನಿವಾರ

ಇಂಡಸ್ಟ್ರಿಯಲ್ ಎಸ್ಟೇಟಿನ ಗೇಟಿನೆದುರು ಉಗ್ರಪ್ಪನವರ ಅಂಗಡಿ. ಗಮ್‌ಬೂಟು, ಹೆಲ್ಮೆಟ್ಟು, ಕೈಗವಸು ನೇತು ಹಾಕಿರುತ್ತಾರೆ.

"ಯಾವ ಫ್ಯಾಕ್ಟ್ರಿಗಮ್ಮ?"

"ಫ್ಯಾಕ್ಟ್ರಿಗಲ್ಲ, ನನ್ನ ಕಿವಿಗೆ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಯಜಮಾನ್ರು ಜಾಸ್ತಿ ಮಾತಾಡ್ತಾರಾ?"

"ನಮ್ಮ ಯಜಮಾನ್ರು ಮಾತಾಡಲ್ಲ, ಕೇಳ್ಸ್ಕೊಳ್ಳೋದೂ ಇಲ್ಲ. ಮಫ್ ತೋರ್ಸಿ."

ನಾಲ್ಕು ತಂದಿಟ್ಟರು. ಹಗುರವಾದದ್ದೊಂದನ್ನು ಹೊಗಳಿದರು, ಅದರ ಹಿಡಿತ ಸಡಿಲ. ಕೆಂಪು ಬಣ್ಣದ್ದು ತಲೆಯನ್ನು ಅಡಕತ್ತರಿಯಂತೆ ಒತ್ತಿತು, ಅದನ್ನೇ ಆರಿಸಿಕೊಂಡೆ. ಪ್ಲಗ್ಗು ಒಂದು ಜೊತೆ ಕೇಳಿದರೆ ಡಬ್ಬಿಯನ್ನೇ ಕೊಟ್ಟರು. "ಬಿಡಿ ಕೊಡಕ್ಕಾಗಲ್ಲಮ್ಮ. ಇನ್ನೂರು ಜೊತೆ ಇದೆ, ಮೊಮ್ಮಕ್ಕಳ ಕಾಲಕ್ಕೂ ಆಗುತ್ತೆ." ಜೊತೆಗೆ ಪ್ಲಗ್ ಇಟ್ಟುಕೊಳ್ಳಲು ಬೆರಳಿನ ಗಾತ್ರದ ಒಂದು ಪ್ಲಾಸ್ಟಿಕ್ ಕರಡಿಗೆ.

ಇವರಿಗೊಂದು ಮಫ್ ತೆಗೆದುಕೊಳ್ಳಲೇ ಎಂದು ಒಂದು ಗಳಿಗೆ ಯೋಚಿಸಿದೆ. ಏನುಪಯೋಗ? ಬಾಗಿಲೇ ಇಲ್ಲದ ಮನೆಗೆ ಬೀಗ ತಂದಂತೆ.

3 ಜುಲೈ, ಮಂಗಳವಾರ

ಪರೀಕ್ಷೆಗೆ ಸದ್ದು ಬೇಕಲ್ಲ. ಎಸ್ಟೇಟಿನ ಹಿಂದಿನ ಓಣಿಯಲ್ಲಿ ತಗಡು ಒತ್ತುವ ಪವರ್ ಪ್ರೆಸ್ ಷೆಡ್ಡಿನ ಮುಂದೆ ಹೋಗಿ ನಿಂತೆ. ಪ್ಲಗ್ ಇಲ್ಲದೆ ಬರೀ ಮಫ್ ಹಾಕಿಕೊಂಡು ನೋಡಿದೆ. ಧಡ್ ಧಡ್ ಎನ್ನುವುದು ಕಡಿಮೆಯಾಯಿತೇ ಹೊರತು ಬಲಗಿವಿಯ ಕೆಳಗಿನಿಂದ ಸೀಳು ಸದ್ದು ನುಗ್ಗುತ್ತಲೇ ಇತ್ತು. ಸರಿಸಿದೆ, ಒತ್ತಿದೆ, ಕನ್ನಡಕ ತೆಗೆದೆ. ಅದೇ ಗತಿ.

ಟೀ ಹೊತ್ತಾಗಿ ಮಷಿನ್ ನಿಂತಿತು. ಒಳಗಿಂದ ಕೆಲಸದ ಹೆಂಗಸೊಬ್ಬಳು ನಗುತ್ತಾ ಬಂದಳು. ನೀಲಮ್ಮ ಎಂದು ಹೆಸರು, ಹೆಗ್ಗನಹಳ್ಳಿಯವಳು.

"ಆಂಟಿ, ಆವಾಗ್ಲಿಂದ ನೋಡ್ತಾ ಇದೀನಿ. ಓಲೆ ಮೇಲೆ ಕೂರ್ತಾ ಇದೆ ಅದು. ಓಲೆ ತೆಗೀರಿ."

ಮುಟ್ಟಿ ನೋಡಿದರೆ ಹೌದು. ಏಳು ಹರಳಿನ ಬೆಂಡೋಲೆ, ಅದನ್ನು ಎತ್ತಿ ಹಿಡಿಯುವ ಮಾಟಿ. ಎರಡೂ ಸೇರಿ ಮಫ್ಫಿನ ಅಂಚಿಗೆ ಮೊಳೆ ಹೊಡೆದಂತೆ ನಿಂತಿವೆ.

"ಇದು ಮದುವೇಲಿ ಹಾಕಿದ್ದಮ್ಮ. ತೆಗೆಯೋದಿಲ್ಲ."

"ಅಯ್ಯೋ, ನಾವು ದಿನಾ ಬಳೆ ತೆಗ್ದಿಟ್ಟೇ ಮಷಿನ್ ಹತ್ರ ಹೋಗೋದು. ಸಿಕ್ಕಾಕ್ಕೊಂಡ್ರೆ ಕೈನೇ ಇರಲ್ಲ." ಬರಿಗೈ ಎತ್ತಿ ತೋರಿಸಿದಳು. "ಹನ್ನೆರಡು ವರ್ಷ ಆಯ್ತು. ನನ್ ಗಂಡಂಗೇನೂ ಆಗಿಲ್ಲ. ಕುಡ್ಕೊಂಡು ಚೆನ್ನಾಗೇ ಇದಾನೆ."

ಅವಳ ಕಿವಿಯಿಂದ ಕರಿ ನೂಲು ಇಣುಕುತ್ತಿತ್ತು. ಅದೇ ಬನಿಯನ್ ವೇಸ್ಟ್.

"ನಿಮಗೆ ಮಫ್ ಕೊಟ್ಟಿಲ್ವಾ?"

"ಕೊಟ್ಟಿದಾರೆ, ಬೀರುಲಿದೆ. ಇನ್‌ಸ್ಪೆಕ್ಟ್ರು ಬಂದ ದಿನ ಹಾಕ್ಕೋತೀವಿ. ಫೋಟೋದಲ್ಲಿ ಚೆನ್ನಾಗ್ ಕಾಣ್ತೀವಿ."

ಮೂವತ್ತು ವರ್ಷದ ಹಿಂದೆ ಇವರ ಫ್ಯಾಕ್ಟರಿಯಲ್ಲಿ ಮಾಡಿದ ಮೋಸವೇ ಇವತ್ತಿಗೂ ನಡೆಯುತ್ತಿದೆ. ಮೈ ಉರಿಯಿತು. ಇದನ್ನು ಬರೆಯದೆ ಬಿಡುವುದಿಲ್ಲ.

4 ಜುಲೈ, ಬುಧವಾರ

ಕನ್ನಡಿಯ ಮುಂದೆ ಮೂರು ಸಲ ನಿಂತೆ. ಓಲೆ ತೆಗೆಯಲಿಲ್ಲ.

ಮೂಢನಂಬಿಕೆಗಳ ಬಗ್ಗೆ ಸಂಪಾದಕರಿಗೆ ನಾನು ಬರೆದದ್ದೂ ಇದೆ. 1992, ಅಚ್ಚಾಗಿತ್ತು.

9 ಜುಲೈ, ಸೋಮವಾರ

ಪತ್ರ ಸಿದ್ಧವಾಗಿತ್ತು. "1979ರಲ್ಲಿ ಫೋರ್ಜ್ ಷಾಪಿನ ಕಾರ್ಮಿಕರಿಗೆ ಕಿವಿಯ ರಕ್ಷಣೆ ಕೊಡದೆ ವಂಚಿಸಿದ ಆಡಳಿತ ವರ್ಗವು" ಎಂದು ಶುರು. ಆಗ ಷಾಪಿನಲ್ಲಿ ಎಷ್ಟು ಜನರಿದ್ದರೆಂದು ಕೇಳಲು ಇವರ ಕೈಗೆ ಕೊಟ್ಟೆ. ಇವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

"ವಂಚಿಸಿದ ಅಂತ ಹಾಕ್ಬೇಡ."

"ಯಾಕೆ?"

"ಮಫ್ ಕೊಡ್ತೀವಿ ಅಂದಿದ್ರು. ಕೊಟ್ಟೂ ನೋಡಿದ್ರು. ನಾವೇ ಬೇಡ ಅಂದ್ವಿ."

ನನಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಬಲಗಿವಿ ತಿರುಗಿಸಿದೆ.

"ಮಫ್ ಬೇಡ, ಅದರ ಬದ್ಲು ತಿಂಗಳಿಗೆ ಎರಡು ಕೆಜಿ ಬೆಲ್ಲ ಕೊಡಿ ಅಂತ ಕಮಿಟಿಯವರು ಐದು ಜನ ಸೈನ್ ಹಾಕಿದ್ವಿ. ಮೂರನೇ ಸೈನು ಬಸವಲಿಂಗಪ್ಪ ಅಂತಿದೆ. ನಂದೇ."

"ಕಿವಿ ಕೊಟ್ಟು ಬೆಲ್ಲ ತಂದ್ರಾ!" ಪಕ್ಕದ ಮನೆಯ ಕಲಾವತಿ ಕಾಂಪೌಂಡಿನಿಂದ ಇಣುಕಿದಳು. ಇಣುಕಲಿ.

"ಕೂಗ್ಬೇಡ ಕಣೇ. ಅಂಜಿನಯ್ಯ ಗೊತ್ತಲ್ಲ? ಅವನು ಮಫ್ ಹಾಕ್ಕೊಂಡಿದ್ದ. ಮೊದಲ ವಾರಾನೇ. ನಾವು ನಿಲ್ಸು ನಿಲ್ಸು ಅಂತ ಬಡ್ಕೊಂಡ್ವಿ, ಅವನಿಗೆ ಕೇಳಿಸ್ಲಿಲ್ಲ, ಹ್ಯಾಮರ್ ಬಿಟ್ಟ." ಇವರು ಕೈ ಎತ್ತಿ ಮೂರು ಬೆರಳು ಮಡಚಿದರು. "ಅವನದೇ ಕೈ. ಕಿವಿ ಹೋಗಕ್ಕೆ ಇಪ್ಪತ್ತು ವರ್ಷ ಬೇಕು. ಬೆರಳು ಅಷ್ಟು ದಿನ ಕಾಯುತ್ತಾ?"

 ಪತ್ರವನ್ನು ನನ್ನ ಕೈಗೆ ವಾಪಸ್ ಕೊಡುತ್ತಾ ಇವರೇ ಮುಂದುವರಿಸಿದರು.

"ಆಮೇಲೆ ಕೈಸನ್ನೆ ಮಾಡ್ಕೊಂಡ್ವಿ. ಮುಷ್ಟಿ ಅಂದ್ರೆ ನಿಲ್ಸು, ಅಂಗೈ ಅಂದ್ರೆ ಬಿಡು. ಸನ್ನೆ ಬಂದ್ಮೇಲೆ ಮಫ್ ವಾಪಸ್ ಕೇಳ್ಬೋದಿತ್ತು. ಅಷ್ಟು ಹೊತ್ತಿಗೆ ಬೆಲ್ಲ ರೂಢಿಯಾಗಿತ್ತು."

10 ಜುಲೈ, ಮಂಗಳವಾರ

ಇವರ ಮೇಲೆ ಬೆಳಿಗ್ಗೆಯಿಂದ ಕುದಿಯುತ್ತಿದ್ದೆ. ಯಾವ ತಾರೀಕಿಗೆ ಸೈನು ಹಾಕಿದರೆಂದು ನೋಡಿ ಮುಖಕ್ಕೆ ಹಿಡಿಯಬೇಕೆಂದು ಅಟ್ಟದಿಂದ 1979ರ ಡೈರಿ ಇಳಿಸಿದೆ. ಸಿಕ್ಕಿತು. ಆಗಸ್ಟ್ 31. ಹಾಗೇ ನಕಲು ಮಾಡುತ್ತೇನೆ:

"ಇವರ ಫ್ಯಾಕ್ಟರಿಯಲ್ಲಿ ಬೆಲ್ಲ ಕೊಟ್ಟರು. ಎರಡು ಕೆಜಿ, ಮಂಡ್ಯದ್ದು, ಒಳ್ಳೆಯ ಬಣ್ಣ. ಬೇಕಾದರೆ ಮಫ್ ಕೊಡುತ್ತೇವೆ ಎಂದಿದ್ದರಂತೆ. ಅದನ್ನು ತಂದು ಯಾರು ಏನು ಮಾಡುವುದು, ಬೆಲ್ಲವೇ ವಾಸಿ ಎಂದು ನಾನೇ ಹೇಳಿ ಕಳಿಸಿದ್ದೆ. ಐದನೇ ತಿಂಗಳ ಬಸುರಿಗೆ ಬೆಲ್ಲ ಒಳ್ಳೆಯದು. ನಾಳೆ ಹೋಳಿಗೆ ಮಾಡುತ್ತೇನೆ."

ನನ್ನ ಕೈಬರಹವೇ. ನೀಲಿ ಶಾಯಿ.

ಇದೊಂದೂ ನೆನಪಿರಲಿಲ್ಲ. ಕಂಡಕ್ಟರ್ ಬಾಯಿ ಆಡಿಸಿದ್ದು ನೆನಪಿದೆ, ಸೀರೆಯ ಬಣ್ಣ ನೆನಪಿದೆ, ಇದು ಇಲ್ಲ.

ಪತ್ರ ಕಳಿಸಲಿಲ್ಲ.

17 ಜುಲೈ, ಮಂಗಳವಾರ

ಒಂದು ವಾರ ಬರೆಯಲಿಲ್ಲ. ಪ್ಲಗ್ ಹಾಕಿಕೊಳ್ಳುವುದನ್ನು ಅಭ್ಯಾಸ ಮಾಡಿದೆ, ಅಷ್ಟೇ. ಮೊದಲ ನಾಲ್ಕು ದಿನ ಬಿದ್ದು ಬಿದ್ದು ಹೋಗುತ್ತಿತ್ತು. ಈಗ ಬಂದಿದೆ. ಬೆರಳುಗಳ ನಡುವೆ ಬತ್ತಿ ಹೊಸೆದಂತೆ ತೆಳ್ಳಗೆ ಹೊಸೆಯಬೇಕು. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಬೇಕು, ಮೇಷ್ಟರು ಕಿವಿ ಹಿಂಡಿದ ಹಾಗೆ. ಒಳಗೆ ತಳ್ಳಿ, ಅದು ಉಬ್ಬುವ ತನಕ ಬೆರಳು ಒತ್ತಿ ಹಿಡಿಯಬೇಕು. ನಾನು ಮೂವತ್ತು ಎಣಿಸುತ್ತೇನೆ. ಸರಿಯಾಗಿ ಕೂತರೆ ನನ್ನ ಮಾತು ನನಗೇ ಹಂಡೆಯೊಳಗೆ ಬಗ್ಗಿ ಮಾತಾಡಿದಂತೆ ಕೇಳುತ್ತದೆ.

ಸಂಜೆ ಒಂದು ವಿಷಯ ಗಮನಿಸಿದೆ. ಆರು ಗಂಟೆಯ ಹೊತ್ತಿಗೆ ಪ್ಲಗ್ ಹಾಕಿಕೊಂಡು ವರಾಂಡದಲ್ಲಿ ಇವರ ಪಕ್ಕ ಕೂತಿದ್ದೆ. ಇದ್ದಕ್ಕಿದ್ದಂತೆ ಇವರು ಎದ್ದು ಹೋಗಿ ಗೇಟು ತೆಗೆದರು. ಅರ್ಧ ನಿಮಿಷದ ಮೇಲೆ ತಿರುವಿನಲ್ಲಿ ನಿಖಿತಾಳ ಬುಲೆಟ್ ಕಾಣಿಸಿತು. ದಿನಾ ಗೇಟು ತೆಗೆದಿರುತ್ತಾರೆ, ಗಡಿಯಾರ ನೋಡಿ ಏಳುತ್ತಾರೆಂದುಕೊಂಡಿದ್ದೆ. ಇವತ್ತು ಅವಳು ಅರ್ಧ ಗಂಟೆ ಬೇಗ ಬಂದಿದ್ದಳು.

"ಹೇಗೆ ಗೊತ್ತಾಯ್ತು?" ಎಂದು ಕೇಳಿದೆ.

"ಕೇಳ್ಸುತ್ತಲ್ಲ," ಎಂದರು, ಇದೇನು ಪ್ರಶ್ನೆ ಎನ್ನುವಂತೆ. "ನಿನ್ ಮಾತು ಕೇಳ್ಸಲ್ಲ. ಅದು ಕೇಳ್ಸುತ್ತೆ. ನೆಲದಿಂದ ಬರುತ್ತೆ."

19 ಜುಲೈ, ಗುರುವಾರ

ಇವರನ್ನು ಕರೆದುಕೊಂಡು ಚನ್ನವೀರೇಶರ ಹತ್ತಿರ ಹೋದೆ. ಬರಲು ಒಪ್ಪಲಿಲ್ಲ, ಎಳೆದೇ ಹೋದೆ. ಇವರ ಗೆರೆ ಪೂರ್ತಿ ಪಾತಾಳಕ್ಕಿಳಿದಿದೆ, ಕಾಗದದ ಎಡ ತುದಿಯಲ್ಲಿ ಮಾತ್ರ ಸ್ವಲ್ಪ ಮೇಲಿದೆ. ದಪ್ಪ ಸ್ವರಗಳು, ಗುಡುಗು, ಲಾರಿ, ಬುಲೆಟ್.

"ಇಷ್ಟನ್ನ ಉಳಿಸ್ಕೋಬೇಕಾ ಡಾಕ್ಟ್ರೇ?" ಎಂದರು ಇವರು.

"ನಿಮಗೆ ಅದು ಬೇಡ್ವಾ?" ಎಂದರು ಅವರು.

 ಬರುವಾಗ ಉಗ್ರಪ್ಪನವರ ಅಂಗಡಿಯಲ್ಲಿ ಇನ್ನೊಂದು ಕೆಂಪು ಮಫ್ ತೆಗೆದುಕೊಂಡೆ. "ಯಜಮಾನ್ರು ಮಾತಾಡಕ್ಕೆ ಶುರು ಮಾಡಿದ್ರಾ?" ಎಂದು ಕೇಳಿದರು. ಹೌದು ಎಂದೆ.

29 ಜುಲೈ, ಭಾನುವಾರ

ನಿಖಿತಾ ಮತ್ತೆ ಹೇಳಿ ನೋಡಿದಳು. "ಅಮ್ಮ, ವಿಡಿಯೋ ತೆಗೆಸ್ಕೊಂಡು ಬರ್ತೀನಿ. ಸೌಂಡ್ ಕಮ್ಮಿ ಇಟ್ಕೊಂಡು ನೋಡ್ಬಹುದು." ಮಫ್, ಪ್ಲಗ್, ಟ್ರ್ಯಾಕಿನ ನಕ್ಷೆಯಲ್ಲಿ ನಾನು ಗುರುತು ಹಾಕಿದ ಜಾಗ ಎಲ್ಲ ಮುಂದಿಟ್ಟೆ. ಕಾರು ರಿಪೇರಿ ಮಾಡುವ ಪಿಟ್ ಎದುರಿನ ಗ್ಯಾಲರಿ ಬೇಡ, ಅಲ್ಲಿ ಗೋಡೆಗೆ ಬಡಿದು ಸದ್ದು ವಾಪಸ್ ಬರುತ್ತದೆ. ಎರಡನೇ ತಿರುವಿನ ಮಣ್ಣುದಿಬ್ಬ, ಬೇಲಿಯಿಂದ ದೂರ, ಸುತ್ತ ಬಯಲು. ಅವಳು ನಕ್ಷೆ ನೋಡಿ, ನನ್ನ ಓಲೆ ನೋಡಿ, "ಮತ್ತೆ ಇದು?" ಎಂದಳು.

ಕಾಂಪೌಂಡಿನಾಚೆಯಿಂದ ಕಲಾವತಿ, "ಓಲೆ ತೆಗಿಯೋದೆಲ್ಲ ಒಳ್ಳೇದಲ್ಲ ಅಕ್ಕ, ಅದೂ ಮಗಳು ಅಂಥ ಕಾರು ಓಡ್ಸೋ ದಿನ," ಎಂದಳು. ಕಾಂಪೌಂಡನ್ನು ಎರಡಡಿ ಎತ್ತರಿಸಬೇಕು.

ಆದರೆ ಅವಳು ಹೇಳಿದ್ದು ಮನಸ್ಸಿನಲ್ಲಿ ಕೂತಿದೆ. ಸುಳ್ಳು ಹೇಳಲಾರೆ.

5 ಆಗಸ್ಟ್, ಭಾನುವಾರ. ಹೆದ್ದಾರಿಯಲ್ಲಿ ಬಸ್ಸಿಗೆ ಕಾಯುತ್ತಾ

ಮರೆಯುವ ಮುಂಚೆ ಬರೆಯುತ್ತೇನೆ. ನನ್ನ ನೆನಪನ್ನು ಈಗ ಅಷ್ಟು ನಂಬುವುದಿಲ್ಲ.

ಬೆಳಿಗ್ಗೆ ಶ್ರೀಪೆರಂಬದೂರಿನ ಲಾಡ್ಜಿನಲ್ಲಿ ಸ್ನಾನ ಮಾಡಿ ಬಂದವಳೇ ಕುರ್ಚಿಯಲ್ಲಿ ಕೂತು ಇವರಿಗೆ ಕಿವಿ ತೋರಿಸಿದೆ. ಮಾಟಿ ನಾನೇ ತೆಗೆದೆ. ಓಲೆಯ ತಿರುಪು ಬರಲಿಲ್ಲ. ಮೂವತ್ತಾರು ವರ್ಷದ ಜಿಡ್ಡು ಹಿಡಿದು ಬಿಗಿದಿತ್ತು.

ಇವರು ಚೀಲದಿಂದ ಕೊಬ್ಬರಿ ಎಣ್ಣೆ ತೆಗೆದು ಒಂದು ತೊಟ್ಟು ಬಿಟ್ಟು ಸುಮ್ಮನೆ ಕಾದರು. "ಅವಸರ ಮಾಡಿದ್ರೆ ಥ್ರೆಡ್ ಹೋಗುತ್ತೆ," ಎಂದರು. ಆಮೇಲೆ ಹ್ಯಾಮರ್ ಕೆಲಸದಿಂದ ಒರಟಾದ ಎರಡು ಬೆರಳಲ್ಲಿ ಹಿಡಿದು ಕೂದಲೆಳೆಯಷ್ಟು ಹಿಂದೆ, ಕೂದಲೆಳೆಯಷ್ಟು ಮುಂದೆ ಮಾಡಿದರು. ನೋವಾಗಲಿಲ್ಲ. "ಎಷ್ಟು ನಟ್ ಬಿಚ್ಚಿದೀನಿ," ಎಂದು ಎರಡನ್ನೂ ಅಂಗೈಗೆ ಇಟ್ಟರು. ಪ್ಲಗ್ಗಿನ ಪ್ಲಾಸ್ಟಿಕ್ ಕರಡಿಗೆ ಖಾಲಿಯಾಗಿತ್ತು. ಓಲೆಗಳನ್ನು ಅದರೊಳಗೆ ಹಾಕಿ ತಮ್ಮ ಅಂಗಿಯ ಜೇಬಿಗೆ ಇಳಿಸಿದರು.

ಇವರ ಕಿವಿಗೆ ಪ್ಲಗ್ ಹಾಕಿದ್ದು ನಾನು. ಮೇಷ್ಟರ ಹಾಗೆ ಕಿವಿ ಎಳೆದೆ. ಒತ್ತಿ ಹಿಡಿದು ಮೂವತ್ತು ಎಣಿಸಿದೆ. ಎರಡೂ ಕಿವಿಗೆ. ಹಾಗೆ ಅಷ್ಟು ಹತ್ತಿರ ನಿಂತು ಎಷ್ಟು ವರ್ಷವಾಗಿತ್ತೋ.

ದಿಬ್ಬದ ಮೇಲೆ ಮೂವತ್ತು ನಲವತ್ತು ಜನರಿದ್ದರು. ಒಬ್ಬರ ಕಿವಿಗೂ ಏನೂ ಇಲ್ಲ. ಕಡಲೆಕಾಯಿ ಮಾರುವವನಿಗೆ ಒಂದು ಜೊತೆ ಪ್ಲಗ್ ಕೊಟ್ಟೆ. ಮಿಠಾಯಿ ಎಂದುಕೊಂಡು ಬಾಯಿಗಿಡಲು ಹೋದ.

ನಾವು ಮಫ್ ಹಾಕಿಕೊಂಡೆವು. ಓಲೆ ಇಲ್ಲದ ಕಿವಿಯ ಮೇಲೆ ಅದು ಮುಚ್ಚಳದಂತೆ ಕೂತಿತು. ಜನರ ಗದ್ದಲ, ಮೈಕಿನವನ ತಮಿಳು, ಗಾಳಿ ಎಲ್ಲ ಒಮ್ಮೆಗೇ ಹೋಯಿತು. ಎಲ್ಲರ ಬಾಯಿ ಆಡುತ್ತಿತ್ತು. ಪಕ್ಕದ ಹೆಂಗಸು ನನ್ನತ್ತ ತಿರುಗಿ ಏನೋ ಹೇಳಿ ನಕ್ಕಳು. ನಾನೂ ನಕ್ಕೆ. ಏನು ಹೇಳಿದಳೋ. ಇನ್ನೊಮ್ಮೆ ಹೇಳಿ ಎನ್ನಲು ಸಂಕೋಚವಾಯಿತು. ಇವರ ಕಡೆ ನೋಡಿದೆ. ಇವರು ಆರಾಮಾಗಿದ್ದರು. ನನ್ನ ಮೊಣಕೈ ಮುಟ್ಟಿ, ಬೆರಳಲ್ಲಿ ಹಸಿರು ದೀಪ ತೋರಿಸಿ, ಅಂಗೈ ಬಿಡಿಸಿದರು. ಬಿಡು.

ಹನ್ನೊಂದು ಕಾರುಗಳು ಬಂದವು. ಸದ್ದು ಇತ್ತು, ಆದರೆ ದೂರದ ಲೈನಿನಲ್ಲಿ ಬಂದಂತೆ, ಪುಟ್ಟದಾಗಿ. ನಮ್ಮದು ಹಳದಿ ಕಾರು, ಒಂಬತ್ತನೇ ಜಾಗ. ಎರಡನೇ ಸುತ್ತಿನಲ್ಲಿ ನಮ್ಮೆದುರಿನ ತಿರುವಿನಲ್ಲೇ ಹಿಂದುಮುಂದಾಗಿ ತಿರುಗಿ ಹುಲ್ಲಿಗೆ ಇಳಿಯಿತು. ಧೂಳು. ನನ್ನ ಕೈ ತಾನಾಗಿ ಬರಿಗಿವಿಯ ಕಡೆ ಹೋಯಿತು, ಓಲೆಯನ್ನು ಹುಡುಕಿಕೊಂಡು. ಸಿಕ್ಕಿದ್ದು ಮಫ್ಫಿನ ಪ್ಲಾಸ್ಟಿಕ್ಕು. ಕಲಾವತಿಯ ಮಾತು ಕಿವಿ ಮುಚ್ಚಿದ್ದರೂ ಕೇಳಿಸಿತು. ಧೂಳಿನಿಂದ ಹಳದಿ ಮೂತಿ ಹೊರಬಂತು. ಅವಳು ಮತ್ತೆ ರಸ್ತೆಗೆ ಏರಿದಳು, ಎಲ್ಲರಿಗಿಂತ ಹಿಂದೆ.

ಆಮೇಲೆ ಒಬ್ಬೊಬ್ಬರನ್ನೇ ದಾಟಿದಳು. ಇವರು ಮುಂದೆ ಬಾಗಿ ಎರಡೂ ಅಂಗೈಯನ್ನು ನೆಲಕ್ಕೊತ್ತಿ ಕೂತಿದ್ದರು. ಅವಳು ಹಾದುಹೋದಾಗಲೆಲ್ಲ ಮೂರು ಬೆರಳು ತೋರಿಸಿ ತಲೆ ಆಡಿಸುತ್ತಿದ್ದರು. ಅಂಜಿನಯ್ಯನನ್ನು ಯಾಕೆ ನೆನೆಸಿಕೊಳ್ಳುತ್ತಾರೆ ಎಂದುಕೊಂಡೆ.

ಕೊನೆಯ ಸುತ್ತು. ಅವಳು ಆರನೆಯವನ ಬೆನ್ನಿಗೆ ಅಂಟಿಕೊಂಡು ತಿರುವಿಗೆ ಬರುತ್ತಿದ್ದಳು. ಇಷ್ಟು ದೂರ ಬಂದು, ಮಗಳ ಕಾರಿನ ನಿಜವಾದ ದನಿ ಒಮ್ಮೆಯೂ ಕೇಳದೆ ಹೋಗುವುದೇ? ಒಂದೇ ಒಂದು ಸಲ, ಎರಡು ಸೆಕೆಂಡು. ನಾನು ಕಿವಿಯಿಂದ ಬದುಕಿದವಳು. ಕೈ ಎತ್ತಿ ಬಲಗಡೆಯ ಮಫ್ಫಿನ ಅಂಚಿಗೆ ಬೆರಳು ಸಿಕ್ಕಿಸಿದೆ.

ಇವರ ಮುಷ್ಟಿ ನನ್ನ ಕಣ್ಣ ಮುಂದೆ ಬಂತು. ನಿಲ್ಲಿಸು.

ಮುಖ ನೋಡಿದೆ. ಇವರು ನನ್ನನ್ನಲ್ಲ, ಟ್ರ್ಯಾಕನ್ನು ನೋಡುತ್ತಿದ್ದರು. ಮುಷ್ಟಿ ಮಾತ್ರ ಅಲ್ಲೇ ಇತ್ತು, ಅಲುಗದೆ. ಬೆರಳು ತೆಗೆದೆ. ಇವರ ಪಕ್ಕ ಅಂಗೈ ನೆಲಕ್ಕೊತ್ತಿದೆ. ಕಾರು ಬಂತು. ಮಣಿಕಟ್ಟಿನಿಂದ ಹತ್ತಿ ಎದೆಯೊಳಗೆ ಹಾದುಹೋಯಿತು.

ಏಳನೆಯವಳಾಗಿ ಮುಗಿಸಿದಳು.

ಪಿಟ್ಟಿನ ಹಿಂದೆ ನಿಖಿತಾ ಹೆಲ್ಮೆಟ್ ತೆಗೆದು ಮೊದಲು ನೋಡಿದ್ದು ನನ್ನ ಕಿವಿಯನ್ನು. "ಅಮ್ಮ, ನಿಜವಾಗ್ಲೂ ತೆಗ್ದಾ?" ಎಂದಳು. ನಾನೇ ಮೊದಲು ಕೇಳಿದೆ, ಹುಲ್ಲಿಗೆ ಹೋದಾಗ ಏನಾಯಿತೆಂದು.

"ಮೂರನೇ ಗೇರು ಎಗರ್ತಾ ಇತ್ತು. ಹಿಡ್ಕೊಂಡೇ ಓಡ್ಸಿದ್ದು, ಕೈಯೆಲ್ಲ ಬೊಬ್ಬೆ."

"ಮೂರನೇದು ಅಂತ ಆವಾಗ್ಲಿಂದ ಹೇಳ್ತಾನೇ ಇದೀನಿ ಇವಳಿಗೆ," ಎಂದರು ಇವರು.

ಬಸ್ಸು ಬಂತು.

6 ಆಗಸ್ಟ್, ಸೋಮವಾರ

ಎದ್ದವಳೇ ಫೋನಿನ ರಿಸೀವರ್ ಎತ್ತಿ ಬಲಗಿವಿಗೆ ಹಿಡಿದೆ. ಡಾಕ್ಟರ ಕಾಗದಕ್ಕಿಂತ ಡಯಲ್ ಟೋನನ್ನು ನಾನು ಹೆಚ್ಚು ನಂಬುತ್ತೇನೆ. ಇತ್ತು. ದುಂಡಗೆ, ಎಂದಿನ ಹಾಗೇ, ಅಂಚು ಕೂಡ ಸವೆದಿರಲಿಲ್ಲ. ಅದು ಬೇಸತ್ತು ಎಂಗೇಜ್ ಟೋನಿಗೆ ತಿರುಗುವ ತನಕ ಹಿಡಿದುಕೊಂಡೇ ನಿಂತಿದ್ದೆ.

ಡಬ್ಬಿಯಲ್ಲಿ ಇನ್ನೂ ನೂರ ಎಂಬತ್ತು ಜೊತೆ ಪ್ಲಗ್ ಇವೆ. ನಾಳೆ ಟೀ ಹೊತ್ತಿಗೆ ಪ್ರೆಸ್ ಷೆಡ್ಡಿಗೆ ಹೋಗುವುದು. ಬರೀ ಪ್ಲಗ್ ಕೊಟ್ಟರೆ ಕೆಲಸ ಕೆಡುತ್ತದೆ, ಮೊದಲು ಕೈಸನ್ನೆ ಕಲಿಸಬೇಕು. ಇವರನ್ನೂ ಕರೆದುಕೊಂಡು ಹೋಗುತ್ತೇನೆ, ಕಲಿಸುವವರು ಇವರೇ. ನೀಲಮ್ಮ ನಗುತ್ತಾಳೆ. ನಗಲಿ. ಮಾಲೀಕ ತಡೆದರೆ ಬೀರುವಿನ ಬೀಗದ ಕೈ ಕೇಳುತ್ತೇನೆ. ಅದಕ್ಕೂ ಒಪ್ಪದಿದ್ದರೆ ಸಂಪಾದಕರಿದ್ದಾರೆ, ಈ ಸಲ ಬೆಲ್ಲದಿಂದಲೇ ಶುರು ಮಾಡಿ ಬರೆಯುತ್ತೇನೆ.

ಓಲೆ ಇನ್ನೂ ಇವರ ಜೇಬಿನಲ್ಲೇ ಇದೆ. ಸಂಜೆ ಹಾಕಿಕೊಂಡರಾಯಿತು.

ಕಾಫಿ ಬೆರೆಸಿ, ಕೂಗದೆ, ವರಾಂಡಕ್ಕೆ ಹೋದೆ. ಇವರು ಪೇಪರ್ ಓದುತ್ತಿದ್ದರು. ಎದುರಿಗೆ ಹೋಗಿ ನಿಂತು, ಪೇಪರಿನ ಮೇಲೆ ಬೆರಳಿಟ್ಟು, ಇವರು ತಲೆ ಎತ್ತಿದ ಮೇಲೆ "ಕಾಫಿ" ಎಂದೆ.

ಲೋಟ ತೆಗೆದುಕೊಂಡು ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು. "ಯಾಕೆ, ಗಂಟಲು ಕಟ್ಟಿದ್ಯಾ?" ಎಂದರು.

ಇಲ್ಲವಲ್ಲ ಎಂದೆ. ಇವರಿಗೆ ಹಾಗೇಕೆ ಅನ್ನಿಸಿತೋ ಗೊತ್ತಿಲ್ಲ.